ನೀತಿಯ ಕರಡಿಗೆ ಸಲಹೆ ಬರೆಯುವ ಮುನ್ನ ಅಡ್ಮಿಷನ್ ರಿಜಿಸ್ಟರ್ ತೆಗೆಯಿರಿ

ಉನ್ನತ ಶಿಕ್ಷಣದ ಹೊಸ ನೀತಿಗೆ ಸಾರ್ವಜನಿಕರಿಂದ ಸಲಹೆ ಕೇಳಿದಾಗಲೆಲ್ಲ ಹೋಗುವ ಪತ್ರಗಳ ಧಾಟಿ ಒಂದೇ: ಶುಲ್ಕ ಇಳಿಸಿ, ಗುಣಮಟ್ಟ ಹೆಚ್ಚಿಸಿ, ಖಾಲಿ ಹುದ್ದೆ ತುಂಬಿ. ಯಾರೂ ಬೇಡವೆನ್ನದ ಮಾತುಗಳು, ಹಾಗಾಗಿ ಯಾರೂ ಗಮನವಿಟ್ಟು ಓದುವುದೂ ಇಲ್ಲ. ಕಾಲೇಜಿನ ಪರೀಕ್ಷಾ ವಿಭಾಗದಲ್ಲಿ ಕಡತಗಳ ನಡುವೆಯೇ ಸರ್ವಿಸ್ ಮುಗಿಸಿದವಳು ನಾನು. ನನ್ನನ್ನು ಕೇಳಿದರೆ, ಪತ್ರಕ್ಕೆ ಕೈಹಾಕುವ ಮೊದಲು ಒಂದು ಕಾಲೇಜಿನ ಅಡ್ಮಿಷನ್ ರಿಜಿಸ್ಟರನ್ನೂ ಅದೇ ಬ್ಯಾಚಿನಲ್ಲಿ ಪದವಿ ಪಡೆದವರ ಪಟ್ಟಿಯನ್ನೂ ಅಕ್ಕಪಕ್ಕ ಇಟ್ಟು ನೋಡಬೇಕು. ನೀವು ಅಧ್ಯಾಪಕರೋ ಆಡಳಿತ ಮಂಡಳಿಯವರೋ ಆಗಿದ್ದರೆ ಇವು ಕೈಗೆ ಸಿಗುತ್ತವೆ. ಇಲ್ಲದಿದ್ದರೆ ಒಟ್ಟು ಅಂಕಿಗಳನ್ನಾದರೂ ಲಿಖಿತವಾಗಿ ಕೇಳಿ. ಕೊಡಲು ಹಿಂದೆಮುಂದೆ ನೋಡಿದರೆ ಅದನ್ನೇ ಸಲಹೆಯಲ್ಲಿ ಬರೆಯಿರಿ.

ಫಲಿತಾಂಶದ ಶೇಕಡಾವಾರನ್ನು ನಂಬಿಕೊಂಡು ಕೂರಬೇಡಿ. ನೂರು ಮಂದಿ ಸೇರಿ, ನಲವತ್ತು ಮಂದಿ ನಡುವೆ ಬಿಟ್ಟು, ಉಳಿದ ಅರವತ್ತರಲ್ಲಿ ಐವತ್ತನಾಲ್ಕು ಮಂದಿ ಪಾಸಾದರೆ ಬ್ಯಾನರಿನಲ್ಲಿ ಬರುವುದು ಶೇ. 90. ಸೇರಿದವರ ಲೆಕ್ಕದಲ್ಲಿ ಅದು ಶೇ. 54. ಬಿಟ್ಟುಹೋದವರು ನಪಾಸಾದವರಲ್ಲವಲ್ಲ, ಹಾಗಾಗಿ ಅವರು ಯಾರ ತಲೆನೋವೂ ಅಲ್ಲ! ಪ್ರತಿ ಕಾಲೇಜೂ ಸೇರಿದ ಬ್ಯಾಚಿನ ಲೆಕ್ಕದಲ್ಲೇ ಅಂಕಿ ಪ್ರಕಟಿಸಬೇಕು ಎಂಬುದು ನಿಮ್ಮ ಮೊದಲ ಸಲಹೆಯಾಗಲಿ.

ಆಮೇಲೆ ಯಾರು ಯಾವ ಸೆಮಿಸ್ಟರಿನಲ್ಲಿ ಬಿಟ್ಟರು ಎಂದು ವಿಂಗಡಿಸಿ. ಕೊನೆಯ ವರ್ಷದವರೆಗೆ ಬಂದು ನಿಂತವರ ಕಡತಗಳನ್ನು ಒಂದೊಂದಾಗಿ ಬಿಡಿಸಿ. ಹಾಜರಾತಿ ಸರಿಯಿರುತ್ತದೆ, ಅಂಕಗಳೂ ಕೆಟ್ಟಿರುವುದಿಲ್ಲ, ಎರಡೇ ವಿಷಯ ಉಳಿದಿರುತ್ತವೆ. ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ‘ಶುಲ್ಕ ಬಾಕಿ, ನೋಂದಣಿ ತಡೆಹಿಡಿದಿದೆ’. ಬಾಕಿ ಎಂದರೆ ಕೆಲವೊಮ್ಮೆ ಗ್ರಂಥಾಲಯದ ದಂಡ ಅಷ್ಟೇ. ಅಮೆರಿಕದ ಅಟ್ಲಾಂಟಾದ ಜಾರ್ಜಿಯಾ ಸ್ಟೇಟ್ ವಿಶ್ವವಿದ್ಯಾಲಯ 2011ರಲ್ಲಿ ಇಂಥವರಿಗೆಂದೇ ಸಣ್ಣ ಅನುದಾನ ಶುರುಮಾಡಿತು. ಅರ್ಜಿ ಹಾಕಿಸಿಕೊಳ್ಳುವ ಬದಲು ಬಾಕಿಯಿಂದ ಹೆಸರು ಬಿಟ್ಟುಹೋಗಲಿದ್ದವರನ್ನು ಕಚೇರಿಯೇ ಗುರುತಿಸಿ ಹಣ ಕೊಟ್ಟಿತು. ಕೊನೆಯ ವರ್ಷದವರಿಗೆ ತುರ್ತು ನಿಧಿ ಇರಬೇಕು, ಸಣ್ಣ ಬಾಕಿಗಾಗಿ ಹಾಲ್ ಟಿಕೆಟ್ ತಡೆಯಬಾರದು ಎಂದು ಕೇಳಿ. ಪೂರ್ತಿ ಶುಲ್ಕ ಮನ್ನಾಕ್ಕಿಂತ ಇದಕ್ಕೆ ತಗಲುವುದು ತೀರಾ ಕಡಿಮೆ.

ಶುಲ್ಕವೊಂದನ್ನೇ ಹಿಡಿದುಕೊಂಡು ಕೂರುವುದು ನನಗೆ ಒಪ್ಪಿಗೆಯಿಲ್ಲ. ಬಸ್ಸು, ಪುಸ್ತಕ, ದುಡಿಯದೆ ಕಳೆದ ದಿನಗಳ ಕೂಲಿ ಎಲ್ಲವೂ ಓದಿನ ಖರ್ಚೇ. ನ್ಯೂಯಾರ್ಕ್ ನಗರ ವಿಶ್ವವಿದ್ಯಾಲಯ 2007ರಲ್ಲಿ ‘ಏಸ್ಯಾಪ್’ ಎಂಬ ಯೋಜನೆ ತಂದು, ಸಮುದಾಯ ಕಾಲೇಜುಗಳ (ಎರಡು ವರ್ಷದ ಪದವಿ ಕೊಡುವ ಸರ್ಕಾರಿ ಕಾಲೇಜುಗಳ) ವಿದ್ಯಾರ್ಥಿಗಳಿಗೆ ಕೊರತೆ ಬಿದ್ದ ಶುಲ್ಕದ ಜೊತೆ ಪಠ್ಯಪುಸ್ತಕದ ನೆರವು, ಸಾರಿಗೆ ಪಾಸು ಕೊಟ್ಟಿತು. ಪದೇ ಪದೇ ಕರೆದು ಮಾತಾಡಿಸುವ ಸಲಹೆಗಾರರನ್ನೂ ನೇಮಿಸಿತು. ಪೂರ್ಣಾವಧಿ ಓದಲೇಬೇಕು ಎಂಬ ಷರತ್ತೂ ಇತ್ತು. ಲಾಟರಿಯಂತೆ ಎರಡು ಗುಂಪು ಮಾಡಿ ನಡೆಸಿದ ಅಧ್ಯಯನದಲ್ಲಿ ಮೂರು ವರ್ಷದೊಳಗೆ ಪದವಿ ಮುಗಿಸಿದವರು ಯೋಜನೆಯಲ್ಲಿ ಶೇ. 40, ಹೊರಗೆ ಶೇ. 22. ತಲಾ ಖರ್ಚು ಹೆಚ್ಚಾಯಿತು ನಿಜ, ಆದರೆ ಒಂದೊಂದು ಪದವಿಗೆ ಬಿದ್ದ ಖರ್ಚು ಕಡಿಮೆಯಾಯಿತು. ಹಣಕಾಸಿನವರು ‘ದುಡ್ಡೆಲ್ಲಿದೆ?’ ಎಂದರೆ ಈ ಲೆಕ್ಕವನ್ನೇ ಮುಂದಿಡಿ.

ಶಿಕ್ಷಣ ಸಾಲದ ವಿಷಯಕ್ಕೆ ಆಸ್ಟ್ರೇಲಿಯಾ 1989ರಲ್ಲಿ ತಂದ ಕ್ರಮ ಸಾಕು: ಆದಾಯ ಒಂದು ಮಿತಿ ದಾಟಿದ ಮೇಲಷ್ಟೇ, ತೆರಿಗೆಯ ಮೂಲಕ ಮರುಪಾವತಿ.

ಗುಣಮಟ್ಟ ಎಂದೊಡನೆ ಕಟ್ಟಡದ ಮಾತು ಬರುತ್ತದೆ. ನೀವು ಮೊದಲ ವರ್ಷದಲ್ಲಿ ಅತಿ ಹೆಚ್ಚು ಮಂದಿ ಮುಗ್ಗರಿಸುವ ವಿಷಯ ಯಾವುದೆಂದು ನೋಡಿ. ಬಹುಪಾಲು ಗಣಿತವೇ. ಅಂಥವರನ್ನು ಕ್ರೆಡಿಟ್ ಇಲ್ಲದ, ಅಂದರೆ ಪದವಿಯ ಲೆಕ್ಕಕ್ಕೆ ಬಾರದ ತಳಪಾಯದ ತರಗತಿಯಲ್ಲಿ ಕೂರಿಸಿದರೆ ಸೆಮಿಸ್ಟರೂ ಹೋಯಿತು, ದುಡ್ಡೂ ಹೋಯಿತು. ಇದನ್ನು ತಪ್ಪಿಸಲೆಂದೇ ಕ್ಯಾಲಿಫೋರ್ನಿಯಾ 2017ರಲ್ಲಿ ಸಮುದಾಯ ಕಾಲೇಜುಗಳಿಗೆ ಕಾನೂನು ಮಾಡಿತು. ಮುಖ್ಯ ತರಗತಿಗೇ ಸೇರಿಸಿ, ಪಕ್ಕದಲ್ಲೇ ಹೆಚ್ಚುವರಿ ಪಾಠ ಕೊಡಿ ಎಂದು ಬರೆಯಿರಿ. ಆ ಪಾಠಕ್ಕೆ ಕಾಯಂ ಅಧ್ಯಾಪಕರೇ ಬೇಕು ಎಂಬುದನ್ನೂ ಸೇರಿಸಿ.

ಕರಡಿನಲ್ಲಿ ‘ಪದವೀಧರರ ಸಂಖ್ಯೆಗೆ ತಕ್ಕ ಅನುದಾನ’ ಎಂದಿದ್ದರೆ ಹುಷಾರು. ಸುಲಭವಾಗಿ ಪಾಸಾಗುವವರನ್ನೇ ಆರಿಸಿಕೊಳ್ಳುವುದು, ಇಲ್ಲವೇ ಮೌಲ್ಯಮಾಪನ ಸಡಿಲಿಸುವುದು: ಆಡಳಿತದವರಿಗೆ ಎರಡು ದಾರಿಯೂ ಗೊತ್ತು. ಟೆನ್ನೆಸ್ಸಿ ರಾಜ್ಯ 2010ರ ಕಾನೂನಿನ ನಂತರ ತಂದ ಅನುದಾನ ಸೂತ್ರದಲ್ಲಿ ಬಡ ಮತ್ತು ವಯಸ್ಕ ವಿದ್ಯಾರ್ಥಿಗಳಿಗೆ ಹೆಚ್ಚಿನ ತೂಕ ಕೊಟ್ಟಿತ್ತು. ಅದನ್ನು ಕೇಳಿ, ಉತ್ತರಪತ್ರಿಕೆಗಳನ್ನು ಹೊರಗಿನವರಿಂದ ಮಾದರಿ ತಪಾಸಣೆ ಮಾಡಿಸಬೇಕೆಂದೂ ಕೇಳಿ.

ಪತ್ರ ಎರಡು ಪುಟ ದಾಟದಿರಲಿ. ಪ್ರತಿ ಸಲಹೆಯ ಎದುರು ಕರಡಿನ ಕಲಂ ಸಂಖ್ಯೆ, ಯಾರು ಮಾಡಬೇಕು, ಹಣ ಯಾವ ಲೆಕ್ಕಶೀರ್ಷಿಕೆಯಿಂದ, ಯಾವ ಬ್ಯಾಚಿನಲ್ಲಿ ಪರಿಣಾಮ ಅಳೆಯಬೇಕು ಎಂಬುದಿಷ್ಟು ಇರಲಿ. ನೀವು ಮಾಡಿದ ಸೆಮಿಸ್ಟರ್‌ವಾರು ಪಟ್ಟಿಯನ್ನು ಲಗತ್ತಿಸಿ, ವಿದ್ಯಾರ್ಥಿಗಳ ಹೆಸರು, ರಿಜಿಸ್ಟರ್ ನಂಬರ್ ತೆಗೆದುಹಾಕಿ. ಮೇಲ್ ಮಾಡಿದರೂ ಒಂದು ಪ್ರತಿಯನ್ನು ಕಚೇರಿಗೆ ಕೊಟ್ಟು ಸ್ವೀಕೃತಿಯ ಸೀಲು ಹಾಕಿಸಿಕೊಳ್ಳಿ.