ತೆಂಗಿನ ತೋಟಕ್ಕೆ ಕಾಡು ಕೊಗ್ಗಿ: ನನ್ನ ಅನುಭವ

ತೋಟಕ್ಕೆ ಹಸಿರು ಗೊಬ್ಬರಕ್ಕೆ, ಅಂದರೆ ಸೊಪ್ಪನ್ನೇ ಮಣ್ಣಿಗೆ ಗೊಬ್ಬರವಾಗಿ ಹಾಕಲು, ರಸ್ತೆ ಬದಿಯ ಕಾಡು ಗಿಡ ಕೊಗ್ಗಿ ಬಿತ್ತುತ್ತೇನೆ ಅಂದಾಗ ಊರಲ್ಲಿ ನಕ್ಕವರೇ ಜಾಸ್ತಿ. "ತಾನಾಗೇ ಹುಟ್ಟೋ ಕಳೆಗೆ ಬಿತ್ತನೆ ಬೇರೆ ಕೇಡು" ಎಂದರು. ನಕ್ಕವರೇ ಈಗ ಬೀಜ ಕೇಳುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮದು ತಿಪಟೂರು ಕಡೆಯ ಕೆಂಪು ಮಣ್ಣು, ಮೂರು ಎಕರೆ ಚಿಲ್ಲರೆ ತೆಂಗು. ಮೊದಲು ಹಸಿರು ಗೊಬ್ಬರಕ್ಕೆ ವರ್ಷಾ ವರ್ಷಾ ಸೆಣಬು ಹಾಕುತ್ತಿದ್ದೆ. ಬೀಜ, ಉಳುಮೆ, ರೋಟವೇಟರ್ ಬಾಡಿಗೆ ಸೇರಿ ಎಕರೆಗೆ ಮೂರು ಸಾವಿರದ ಹತ್ತಿರ ಬೀಳುತ್ತಿತ್ತು. ಮಳೆ ಕೈಕೊಟ್ಟರೆ ಮೊಣಕಾಲೆತ್ತರ ಬರುವ ಮುಂಚೆಯೇ ಒಣಗುತ್ತಿತ್ತು. ಉಳಿದದ್ದು ಯಾರದೋ ಮೇಕೆಗೆ. ಕೊಗ್ಗಿ ಹಾಗಲ್ಲ. ಬೇರು ಆಳಕ್ಕೆ ಇಳಿಯುತ್ತದೆ, ದನಕರು ಅದರ ತಂಟೆಗೆ ಅಷ್ಟಾಗಿ ಹೋಗುವುದಿಲ್ಲ. ಬೇಲಿ ಇಲ್ಲದ ತೋಟದವನಿಗೆ ಇನ್ನೇನು ಬೇಕು?

ಜಪಾನಿನ ಗದ್ದೆಗಳಲ್ಲಿ ರೆಂಗೆ ಅನ್ನುವ ಗಿಡ ಬೆಳೆಸಿ ಗೊಬ್ಬರ ಮಾಡುತ್ತಾರೆ, ಅದನ್ನೇ ತರಿಸು ಅಂದ ಒಬ್ಬ ಗೆಳೆಯ. ಅದು ಚಳಿಗಾಲದ ಗಿಡ, ನಮ್ಮ ಬಿಸಿಲಿಗೆ ಆಗಿಬರುವಂಥದ್ದಲ್ಲ. ಬಿಟ್ಟೆ.

ರಸ್ತೆ ಬದಿಯಲ್ಲೇ ಬೀಜ ಕೂಡಿಸಿದೆ. ಗಿಡದ ಬಗ್ಗೆ ಅನುಮಾನ ಬಂದರೆ ಎಲೆಯ ತುದಿ ಹಿಡಿದು ಎಳೆದು ನೋಡಿ. ಬಾಣದ ಗರಿಯ ಹಾಗೆ ಕವಲಾಗಿ ಹರಿದರೆ ಕೊಗ್ಗಿಯೇ.

ಕಾಡಿಸಿದ್ದು ಮೊಳಕೆ. ಬೀಜದ ಸಿಪ್ಪೆ ಕಲ್ಲಿನಂತೆ ಗಟ್ಟಿ, ಮೇಲೆ ಮೇಣದಂಥ ಪೊರೆ. ರಾತ್ರಿ ನೆನೆಸಿಟ್ಟದ್ದು ನೂರಕ್ಕೆ ಹತ್ತೂ ಹುಟ್ಟಲಿಲ್ಲ. ಕುದಿಯುವ ನೀರು ಸುರಿದದ್ದು ಬೆಂದೇ ಹೋಯಿತು. ಸಗಣಿ ನೀರೂ ಆಯಿತು, ಉಪಯೋಗವಿಲ್ಲ. ಕೊನೆಗೆ ಬೀಜಕ್ಕೆ ದಪ್ಪ ಮರಳು ಬೆರೆಸಿ, ಗೋಣಿಚೀಲಕ್ಕೆ ಕಟ್ಟಿ, ಚಪ್ಪಡಿ ಮೇಲೆ ಚೆನ್ನಾಗಿ ತುಳಿಸಿದೆ. ಆಮೇಲೆ 55 ಡಿಗ್ರಿ ಬಿಸಿನೀರಲ್ಲಿ ಎರಡು ಮೂರು ನಿಮಿಷ. ಬೆಳಿಗ್ಗೆಗೆ ಮುಕ್ಕಾಲು ಪಾಲು ಬೀಜ ಉಬ್ಬಿತ್ತು! ಉಬ್ಬದ್ದನ್ನೂ ಎಸೆಯಬೇಡಿ, ಅದು ಮುಂದಿನ ಮಳೆಗೆ ಹುಟ್ಟುತ್ತದೆ. ಮರಳಿನ ಜೊತೆ ಇನ್ನೊಂದು ಪದಾರ್ಥ ಹಾಕುತ್ತೇನೆ, ಅದು ಸದ್ಯಕ್ಕೆ ನನ್ನಲ್ಲೇ ಇರಲಿ.

ಎಕರೆಗೆ ಏಳೆಂಟು ಕೆಜಿ ಎರಚಿದೆ. ಮೊದಲ ವರ್ಷ ನೋಡಿದರೆ ಬೇಜಾರಾಗುತ್ತದೆ. ಸೆಣಬು ಸೊಂಟಕ್ಕೆ ಬರುವ ಹೊತ್ತಿಗೆ ಇದು ಇನ್ನೂ ಗೇಣುದ್ದ. "ದುಡ್ಡು ಮಣ್ಣಿಗೆ ಹಾಕಿದೆ" ಅಂತ ಅಣ್ಣ ಬೈದರು. ಮಣ್ಣಿಗೇ ಅಲ್ವಾ ಹಾಕಬೇಕಾದ್ದು! ಆ ವರ್ಷ ಒಂದು ಗಿಡವನ್ನೂ ಕತ್ತರಿಸಲಿಲ್ಲ. ನೇರಳೆ ಹೂ ಬಂತು, ಕಾಯಿ ಒಣಗಿ ಸಿಡಿಯಿತು, ಬೀಜ ತಾನೇ ಚೆಲ್ಲಿಕೊಂಡಿತು. ಎಲ್ಲರೂ ಎಡವುವುದು ಇಲ್ಲೇ, ಅರವತ್ತು ದಿನಕ್ಕೆ ಉತ್ತುಬಿಡುತ್ತಾರೆ. ಬೇರೆ ಕಡೆಗೆ ಬೀಜ ಬೇಕಿದ್ದರೆ ಇಬ್ಬನಿ ಆರುವ ಮುಂಚೆ ಕಾಯಿ ಬಿಡಿಸಬೇಕು. ಬಿಸಿಲೇರಿದರೆ ಕೈಯಲ್ಲೇ ಸಿಡಿಯುತ್ತದೆ.

ಮುಂದಿನ ಮುಂಗಾರಿಗೆ ನೆಲ ಕಾಣದಷ್ಟು ಹುಟ್ಟಿತು. ಈಗ ಬೀಜದ ಖರ್ಚಿಲ್ಲ, ಉಳುಮೆ ಇಲ್ಲ. ಹೂ ಬರುವ ಹೊತ್ತಿಗೆ ಬ್ರಷ್ ಕಟರ್‌ನಲ್ಲಿ ಬುಡ ಬಿಟ್ಟು ಸವರಿ ತೆಂಗಿನ ಪಾತಿಗೆ ಹಾಕುತ್ತೇನೆ. ಒಂದೊಂದು ಪಟ್ಟೆ ಬೀಜಕ್ಕೆ ಅಂತ ಬಿಡುತ್ತೇನೆ. ಕಟರ್‌ಗೆ ನೈಲಾನ್ ದಾರ ಸಾಲದು, ಬ್ಲೇಡೇ ಬೇಕು. ಪೆಟ್ರೋಲು, ಆಳು ಸೇರಿ ಎಕರೆಗೆ ಎಂಟುನೂರು ಆಗಬಹುದು. ಬೇಸಿಗೆಯಲ್ಲಿ ವಾರಕ್ಕೊಮ್ಮೆ ಕೊಡುತ್ತಿದ್ದ ನೀರು ಈಗ ಹತ್ತು ದಿನಕ್ಕೊಮ್ಮೆ ಸಾಕು.

ಸುಮ್ನೆ ಇರಲಾರದೆ ಸೊಪ್ಪು ಅರೆದು ಬದನೆಯ ಹೇನಿಗೂ ಹೊಡೆದೆ. ಅರ್ಧಂಬರ್ಧ ಹೋಯಿತು. ಮೀನಿರುವ ಹೊಂಡದ ಹತ್ತಿರ ಮಾತ್ರ ಆ ರಸದ ಡ್ರಮ್ ತೊಳೆಯಬೇಡಿ, ಇದರ ರಸ ಮೀನಿಗೆ ವಿಷ. ಆಯುರ್ವೇದದಲ್ಲಿ ಇದೇ ಶರಪುಂಖ, ಲಿವರ್ ಔಷಧಿಗೆ ಬಳಸುತ್ತಾರೆ. ಹಾಗಾಗಿ ಬೇರು ಮಾರಿ ದುಡ್ಡು ಮಾಡೋಣ ಅಂತ ಎರಡು ಚೀಲ ಅಗೆದು ಒಣಗಿಸಿದೆ. ವ್ಯಾಪಾರಿ ಹೇಳಿದ ರೇಟಿಗೆ ಅಗೆದ ಆಳಿನ ಕೂಲಿಯೂ ಹುಟ್ಟಲಿಲ್ಲ. ಎರಡೂ ಚೀಲ ಪಾತಿಗೆ ಸುರಿದೆ.