ಒಗೆದರೂ ಹೋಗದ ವಾಸನೆ: ಹೊಸದಾಗಿ ಬಂದ ಮನೆಯವರಿಗೆ

ಸಂಘದ ಭೇಟಿಗಳಲ್ಲಿ ಹೊಸಬರು ಮನೆ ಬಾಡಿಗೆ, ಶಾಲೆ, ಡಾಕ್ಟರು ಎಲ್ಲ ವಿಚಾರಿಸಿ ಆದ ಮೇಲೆ, ಕೊನೆಗೆ ಸ್ವಲ್ಪ ತಗ್ಗಿದ ದನಿಯಲ್ಲಿ ಕೇಳುವ ಒಂದು ಪ್ರಶ್ನೆ ಇದೆ. ಬಟ್ಟೆ ಎಷ್ಟು ಒಗೆದರೂ ವಾಸನೆ ಹೋಗುತ್ತಿಲ್ಲ, ಏನು ಮಾಡೋದು? ದಯವಿಟ್ಟು ಸಂಕೋಚ ಪಡಬೇಡಿ. ಮೆಷಿನ್ ಹೊಸದು, ನೀರು ಹೊಸದು, ಸೋಪು ಹೊಸದು, ಒಣಹಾಕುವ ಜಾಗವೂ ಹೊಸದು. ಇಷ್ಟೆಲ್ಲ ಒಟ್ಟಿಗೆ ಬದಲಾದಾಗ ಅಚ್ಚುಕಟ್ಟಾದ ಮನೆಯಲ್ಲೂ ಹೀಗಾಗುತ್ತದೆ. ನಮ್ಮಲ್ಲಿ ಹೆಚ್ಚಿನವರ ಮನೆಯಲ್ಲಿ ಆಗಿದೆ.

ಮೊದಲು ಒಂದು ಪರೀಕ್ಷೆ ಮಾಡಿ. ಒಗೆದು ಒಣಗಿಸಿ ಮಡಚಿಟ್ಟ ಟವೆಲ್ ತೆಗೆದು ಮೂಸಿ ನೋಡಿ. ಏನೂ ಇರುವುದಿಲ್ಲ. ಅದರಲ್ಲೇ ಒದ್ದೆ ಮುಖ ಒರೆಸಿ, ಒಂದು ನಿಮಿಷ ಬಿಟ್ಟು ಮತ್ತೆ ಮೂಸಿ. ಆ ಮುಗ್ಗಲು ವಾಸನೆ ಎದ್ದು ಬಂತು ಅಂದರೆ ಟವೆಲ್ ನಿಜವಾಗಿ ಶುಚಿಯಾಗಿಲ್ಲ ಎಂದೇ ಅರ್ಥ. ಮೈಯ ಜಿಡ್ಡು, ಉದುರಿದ ಚರ್ಮದ ಪುಡಿ, ಸರಿಯಾಗಿ ಜಾಲಾಡದೆ ಉಳಿದ ಸೋಪು ಎಲ್ಲ ನೂಲಿನ ಒಳಗೇ ಕೂತಿವೆ. ಅದನ್ನು ತಿಂದು ಬದುಕುವ ಬ್ಯಾಕ್ಟೀರಿಯಾ ಈ ವಾಸನೆ ಬಿಡುತ್ತವೆ. 2012ರಲ್ಲಿ ಜಪಾನಿನ ಸಂಶೋಧಕರು ಒಗೆದ ಬಟ್ಟೆಯ ಈ ಮುಗ್ಗಲು ವಾಸನೆಯ ಹಿಂದಿರುವ ಒಂದು ಬ್ಯಾಕ್ಟೀರಿಯಾವನ್ನೇ ಗುರುತಿಸಿದರು. ಮೊರಾಕ್ಸೆಲ್ಲಾ ಓಸ್ಲೋಯೆನ್ಸಿಸ್ ಅಂತ ಅದರ ಹೆಸರು. ಬಟ್ಟೆ ಒಣಗಿದರೂ ಅದು ಸುಲಭಕ್ಕೆ ಸಾಯುವುದಿಲ್ಲ, ಮತ್ತೆ ನೀರು ಸಿಕ್ಕಾಗ ಕೆಲಸ ಶುರು ಮಾಡುತ್ತದೆ. ಅದಕ್ಕೇ ಘಮಘಮ ಅನ್ನುವ ದ್ರವ ಎಷ್ಟು ಸುರಿದರೂ ಎರಡು ದಿನದಲ್ಲಿ ಹಳೇ ವಾಸನೆಯೇ ವಾಪಸ್ ಬರುತ್ತದೆ. ಜಿಡ್ಡು ತೆಗೆಯಬೇಕು, ಬೇಗ ಒಣಗಿಸಬೇಕು. ಮುಂದೆ ಬರೆದಿರುವುದೆಲ್ಲ ಈ ಎರಡು ಕೆಲಸದ ವಿವರವೇ.

ಸೋಪು ಕಡಿಮೆ ಮಾಡಿ, ನೀರು ಬಿಸಿ ಮಾಡಿ

ವಾಸನೆ ಬಂತು ಅಂತ ಎಲ್ಲರೂ ಮೊದಲು ಮಾಡುವುದು ಡಿಟರ್ಜೆಂಟ್ ಜಾಸ್ತಿ ಹಾಕುವುದು. ನಮ್ಮ ಮನೆಯಲ್ಲೂ ಎರಡು ತಿಂಗಳು ಹಾಗೇ ಮಾಡಿದೆವು. ಮುಂದೆ ಬಾಗಿಲಿರುವ ಮೆಷಿನ್‌ಗಳು ಕಡಿಮೆ ನೀರಿನಲ್ಲಿ ಒಗೆಯುತ್ತವೆ, ಆ ನೀರಿನಲ್ಲಿ ಅಷ್ಟೊಂದು ಸೋಪು ತೊಳೆದು ಹೋಗುವುದಿಲ್ಲ. ಅನುಮಾನ ಇದ್ದರೆ ಒಗೆದ ನಾಲ್ಕು ಟವೆಲ್ ಹಾಕಿ, ಸೋಪು ಏನೂ ಹಾಕದೆ ಬಿಸಿ ನೀರಿನಲ್ಲಿ ಒಂದು ಸಲ ಓಡಿಸಿ, ಗಾಜಿನ ಬಾಗಿಲಲ್ಲಿ ನೋಡುತ್ತಾ ಇರಿ. ನೊರೆ ಬಂದರೆ ಅದು ನೀವು ಹಿಂದೆ ಹಾಕಿದ ಸೋಪು. ಡಬ್ಬದ ಮೇಲೆ ಬರೆದ ಅಳತೆ ಓದಿ, ಮುಚ್ಚಳದಲ್ಲಿ ಗೆರೆ ನೋಡಿ ಹಾಕಿ, ಕಣ್ಣಂದಾಜು ಬೇಡ. ಡ್ರಮ್ ತುರುಕಿ ತುಂಬಬೇಡಿ. ಬಟ್ಟೆಯ ಮೇಲೆ ಒಂದು ಅಂಗೈ ಹೋಗುವಷ್ಟು ಜಾಗ ಇರಲಿ.

ಬಟ್ಟೆ ಮೆತ್ತಗಾಗಲು ಹಾಕುವ ಸಾಫ್ಟ್‌ನರ್ ಅನ್ನು ಟವೆಲ್‌ಗೂ ಆಟದ ಬಟ್ಟೆಗೂ ಹಾಕಲೇಬೇಡಿ. ಅದು ನೂಲಿನ ಮೇಲೆ ಒಂದು ತೆಳು ಪದರ ಬಿಡುತ್ತದೆ. ಟವೆಲ್ ನೀರು ಹೀರುವುದು ಕಡಿಮೆಯಾಗುತ್ತದೆ, ಒಳಗಿನ ಜಿಡ್ಡು ಹೊರಗೆ ಬರುವುದೂ ಕಷ್ಟವಾಗುತ್ತದೆ.

ಇನ್ನು ನೀರಿನ ಬಿಸಿ. ದಿನವೂ ತಣ್ಣೀರಿನಲ್ಲೇ ಒಗೆಯುತ್ತಿದ್ದರೆ ಹತ್ತಿ ಟವೆಲ್, ಒಳಉಡುಪು, ಹಾಸಿಗೆ ಬಟ್ಟೆಗಳನ್ನು ಆಗಾಗ 60 ಡಿಗ್ರಿಯಲ್ಲಿ ಹಾಕಿ. ಹಾಸಿಗೆಯ ದೂಳಿನಲ್ಲಿರುವ ಕಣ್ಣಿಗೆ ಕಾಣದ ಹುಳುಗಳೂ ಆ ಬಿಸಿಗೆ ಸಾಯುತ್ತವೆ. ಆದರೆ ಮೊದಲು ಬಟ್ಟೆಯ ಲೇಬಲ್ ನೋಡಿ. ನೀರಿನ ತೊಟ್ಟಿಯ ಚಿತ್ರದ ಒಳಗೆ ಒಂದು ಚುಕ್ಕೆ ಇದ್ದರೆ 30 ಡಿಗ್ರಿ, ಎರಡಿದ್ದರೆ 40, ಮೂರಿದ್ದರೆ 50, ನಾಲ್ಕಿದ್ದರೆ 60. ತೊಟ್ಟಿಯಲ್ಲಿ ಕೈ ಇದ್ದರೆ ಕೈಯಲ್ಲೇ ಒಗೆಯಿರಿ. ತ್ರಿಕೋನಕ್ಕೆ ಕಾಟು ಹೊಡೆದಿದ್ದರೆ ಬ್ಲೀಚ್ ಬೇಡ. ತ್ರಿಕೋನದ ಒಳಗೆ ಎರಡು ಓರೆ ಗೆರೆ ಇದ್ದರೆ ಕ್ಲೋರಿನ್ ಇಲ್ಲದ ಬ್ಲೀಚ್ ಮಾತ್ರ.

ಆ ಕ್ಲೋರಿನ್ ಇಲ್ಲದ ಬ್ಲೀಚ್ ಅನ್ನುವುದೇ ಹಟ ಹಿಡಿದ ವಾಸನೆಗೆ ನಮ್ಮ ಅನುಭವದಲ್ಲಿ ಎಲ್ಲಕ್ಕಿಂತ ಒಳ್ಳೆಯ ಮದ್ದು. ಆಕ್ಸಿಜನ್ ಬ್ಲೀಚ್ ಅಂತ ಮಾರುವ ಬಿಳಿ ಪುಡಿ, ಅದರಲ್ಲಿರುವುದು ಸೋಡಿಯಂ ಪರ್‌ಕಾರ್ಬೊನೇಟ್. ನೀರಿಗೆ ಬಿದ್ದಾಗ ಹೈಡ್ರೋಜನ್ ಪೆರಾಕ್ಸೈಡ್ ಬಿಡುತ್ತದೆ, ಅದು ಬ್ಯಾಕ್ಟೀರಿಯಾಕ್ಕೂ ಜಿಡ್ಡಿನ ವಾಸನೆಗೂ ಏಟು. ತಣ್ಣೀರಿನಲ್ಲಿ ನಿಧಾನ, 40ರಿಂದ 60 ಡಿಗ್ರಿ ಬಿಸಿಯಲ್ಲಿ ಚುರುಕು. ಬಕೆಟ್‌ನಲ್ಲಿ ಐದು ಲೀಟರ್ ಬಿಸಿ ನೀರಿಗೆ ಒಂದೆರಡು ದೊಡ್ಡ ಚಮಚ ಪುಡಿ ಹಾಕಿ ಚೆನ್ನಾಗಿ ಕರಗಿಸಿ, ಆಮೇಲೆ ಬಟ್ಟೆ ಮುಳುಗಿಸಿ ಎರಡು ಮೂರು ಗಂಟೆ ನೆನೆಯಲು ಬಿಡಿ, ನಂತರ ಎಂದಿನಂತೆ ಒಗೆಯಿರಿ. ಬಹಳ ದಿನದ ಟವೆಲ್ ಆದರೆ ನೀರು ಬೂದು ಬಣ್ಣಕ್ಕೆ ತಿರುಗುವುದು ಕಾಣುತ್ತದೆ. ಬಣ್ಣದ ಬಟ್ಟೆಯಾದರೆ ಒಳಮಡಿಕೆಯಲ್ಲಿ ಒಂದು ಮೂಲೆ ಮೊದಲು ಪರೀಕ್ಷಿಸಿ. ಉಣ್ಣೆ, ರೇಷ್ಮೆಗೆ ಇದು ಬೇಡವೇ ಬೇಡ. ಕಲಸಿದ ನೀರನ್ನು ಬಾಟಲಿಯಲ್ಲಿ ಮುಚ್ಚಿಡಬೇಡಿ, ಒಳಗೆ ಗಾಳಿ ತುಂಬಿ ಒಡೆಯಬಹುದು. ಪುಡಿ ಡಿಟರ್ಜೆಂಟ್‌ಗಳಲ್ಲಿ ಬಹಳಷ್ಟಕ್ಕೆ ಈ ಅಂಶ ಮೊದಲೇ ಸೇರಿರುತ್ತದೆ, ದ್ರವದಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಬಿಳಿ ಬಟ್ಟೆಗೆ, ಟವೆಲ್‌ಗೆ ನಾವು ಪುಡಿಯನ್ನೇ ಹಾಕಿ ಅನ್ನುವುದು ಅದಕ್ಕೇ.

ವಿನೆಗರ್ ಮತ್ತು ಅಡುಗೆ ಸೋಡಾ ಎರಡನ್ನೂ ಸೇರಿಸಿ ಹಾಕಿ ಅಂತ ಹೇಳುವವರು ತುಂಬಾ ಜನ. ಬುಸುಬುಸು ನೊರೆ ಬರುತ್ತದೆ, ನೋಡಲು ಚೆನ್ನ. ಆದರೆ ಹುಳಿ, ಕ್ಷಾರ ಒಂದನ್ನೊಂದು ಕೊಂದು ಉಳಿಯುವುದು ಸುಮ್ನೆ ಉಪ್ಪು ನೀರು. ಒಂದು ದಿನ ಒಂದನ್ನು ಹಾಕಿ.

ಇದೊಂದನ್ನು ಮಾತ್ರ ಮರೆಯಬೇಡಿ. ಕ್ಲೋರಿನ್ ಬ್ಲೀಚ್ ಜೊತೆ ವಿನೆಗರ್ ಸೇರಿದರೆ ಕ್ಲೋರಿನ್ ಅನಿಲ ಬರುತ್ತದೆ. ಅಮೋನಿಯಾ ಇರುವ ಕ್ಲೀನರ್ ಸೇರಿದರೂ ವಿಷದ ಹೊಗೆಯೇ. ಮುಚ್ಚಿದ ಬಾತ್‌ರೂಮಿನಲ್ಲಿ ಇದು ಜೀವಕ್ಕೆ ಅಪಾಯ. ಭಾಷೆ ಗೊತ್ತಿಲ್ಲದ ಬಾಟಲಿಗಳನ್ನು ಒಂದಕ್ಕೊಂದು ಬೆರೆಸಲೇಬೇಡಿ. ಲೇಬಲ್ ಓದಲು ಬರದಿದ್ದರೆ ಫೋಟೋ ತೆಗೆದು ಸಂಘದ ಗುಂಪಿಗೆ ಹಾಕಿ, ಯಾರಾದರೂ ಓದಿ ಹೇಳುತ್ತಾರೆ.

ಮೆಷಿನ್ನೇ ನಾರುತ್ತಿದ್ದರೆ

ನಮ್ಮ ಮನೆಯಲ್ಲಿ ಮಗನ ಆಟದ ಅಂಗಿ ವಾಸನೆ ಹೋಗದೆ ಒಂದು ದಿನ ಬಾಗಿಲಿನ ಸುತ್ತ ಇರುವ ರಬ್ಬರ್ ಪಟ್ಟಿಯ ಮಡಿಕೆಯನ್ನು ಬೆರಳಲ್ಲಿ ಎಳೆದು ನೋಡಿದೆ. ಕೆಳಭಾಗದಲ್ಲಿ ಬೂದು ಬಣ್ಣದ ಲೋಳೆ, ಅದರಲ್ಲಿ ಕೂದಲು, ಯಾವತ್ತೋ ಕಳೆದುಹೋದ ಒಂದು ಕಾಲುಚೀಲ. ಪ್ರತಿ ಸಲ ಒಗೆಯುವ ಬಟ್ಟೆ ಅದನ್ನು ಉಜ್ಜಿಕೊಂಡೇ ತಿರುಗುತ್ತಿತ್ತು. ಈಗ ವಾರಕ್ಕೊಮ್ಮೆ ಆ ಮಡಿಕೆ ಒರೆಸುತ್ತೇವೆ, ಒಗೆದಾದ ಮೇಲೆ ಬಾಗಿಲನ್ನೂ ಸೋಪಿನ ಡ್ರಾಯರನ್ನೂ ತೆರೆದೇ ಬಿಡುತ್ತೇವೆ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಅವರು ಒಳಗೆ ಹೋಗದಂತೆ ಆ ಕೋಣೆಯ ಬಾಗಿಲು ಹಾಕಿಡಿ. ಡ್ರಾಯರ್ ಪೂರ್ತಿ ಕಳಚಿ ಬರುತ್ತದೆ, ತೆಗೆದು ಹಳೆ ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕಿ. ಮುಂದೆ ಕೆಳಗೆ ಒಂದು ಚಿಕ್ಕ ಮುಚ್ಚಳ ಇದ್ದರೆ ಅದರೊಳಗೆ ಫಿಲ್ಟರ್ ಇರುತ್ತದೆ. ಸ್ವಿಚ್ ಆಫ್ ಮಾಡಿ, ಕೆಳಗೆ ತಟ್ಟೆ ಇಟ್ಟು, ನಿಧಾನಕ್ಕೆ ತಿರುಗಿಸಿ, ನಿಂತ ನೀರು ಹೊರಗೆ ಬರುತ್ತದೆ. ತಿಂಗಳಿಗೊಮ್ಮೆ ಬಟ್ಟೆ ಏನೂ ಹಾಕದೆ 60 ಡಿಗ್ರಿ ಅಥವಾ ಅದಕ್ಕಿಂತ ಬಿಸಿಯಲ್ಲಿ ಓಡಿಸಿ. ಒಗೆದಾದ ಬಟ್ಟೆಯನ್ನು ರಾತ್ರಿಯಿಡೀ ಡ್ರಮ್‌ನಲ್ಲೇ ಬಿಟ್ಟಿದ್ದರೆ ಹಾಗೇ ಒಣಹಾಕಬೇಡಿ, ಮತ್ತೊಮ್ಮೆ ಒಗೆಯಿರಿ.

ಆಟದ ಬಟ್ಟೆಯ ವಿಷಯ ಬಂತಲ್ಲ. ಬೆವರಿದ ಹತ್ತಿ ಅಂಗಿಗಿಂತ ಪಾಲಿಯೆಸ್ಟರ್ ಅಂಗಿ ಜಾಸ್ತಿ ನಾರುತ್ತದೆ ಅನ್ನುವುದು ಸುಮ್ನೆ ಅನಿಸಿಕೆ ಅಲ್ಲ. ಬೆಲ್ಜಿಯಂನ ಗೆಂಟ್ ವಿಶ್ವವಿದ್ಯಾಲಯದವರು 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ವ್ಯಾಯಾಮ ಮಾಡಿದವರ ಅಂಗಿಗಳನ್ನು ಹೋಲಿಸಿ ಇದನ್ನೇ ತೋರಿಸಿದರು. ಪಾಲಿಯೆಸ್ಟರ್ ನೀರು ಹೀರುವುದಿಲ್ಲ, ಮೈಯ ಜಿಡ್ಡನ್ನು ಮಾತ್ರ ಹಿಡಿದುಕೊಳ್ಳುತ್ತದೆ. ಮಕ್ಕಳು ಆಟದಿಂದ ಬಂದ ಕೂಡಲೇ ಬ್ಯಾಗಿನಿಂದ ಅಂಗಿ ಹೊರಗೆ ತೆಗೆಸಿ, ತಕ್ಷಣ ಒಗೆಯಲು ಆಗದಿದ್ದರೆ ನೀರಿನಲ್ಲಿ ಜಾಲಿಸಿ ಹರವಿ. ಒಗೆಯುವಾಗ ಒಳಮೈ ಹೊರಗೆ ಮಾಡಿ. ಕಂಕುಳ ಭಾಗಕ್ಕೆ ಸ್ವಲ್ಪ ದ್ರವ ಸೋಪು ನೇರ ಹಚ್ಚಿ ಅರ್ಧ ಗಂಟೆ ಬಿಡಿ. ವಾಸನೆ ಪೂರ್ತಿ ಹೋಗುವ ತನಕ ಡ್ರೈಯರ್‌ಗೆ ಹಾಕಬೇಡಿ, ಆ ಬಿಸಿಗೆ ಉಳಿದ ಜಿಡ್ಡು ಇನ್ನೂ ಗಟ್ಟಿಯಾಗಿ ಕೂರುತ್ತದೆ.

ಒಣಗಿಸುವುದು, ಎತ್ತಿಡುವುದು

ಕಿಟಕಿ ತೆರೆಯಲು ಆಗದ ತಿಂಗಳುಗಳಲ್ಲಿ ಮನೆಯೊಳಗೇ ಒಣಗಿಸುವುದು ಎಲ್ಲರ ಕಷ್ಟ. ಒಂದು ಸಲ ಜಾಸ್ತಿ ಸ್ಪಿನ್ ಕೊಡಿ, ಇನ್ನಷ್ಟು ನೀರು ಅಲ್ಲೇ ಹೋಗುತ್ತದೆ. ಬಟ್ಟೆ ಬಟ್ಟೆ ನಡುವೆ ನಾಲ್ಕು ಬೆರಳು ಜಾಗ ಬಿಟ್ಟು ಹರವಿ, ಫ್ಯಾನ್ ಹಾಕಿ. ದಪ್ಪ ಟವೆಲನ್ನು ಎರಡು ಮಡಿಕೆ ಮಾಡಿ ತೂಗುಹಾಕಿದರೆ ಒಳಮಡಿಕೆ ಒಣಗುವುದೇ ಇಲ್ಲ. ಗಾಳಿಯ ತೇವ ತೋರಿಸುವ ಚಿಕ್ಕ ಮೀಟರ್ ಸಿಗುತ್ತದೆ, ಒಂದು ತಂದಿಟ್ಟುಕೊಳ್ಳಿ. 60 ಶೇಕಡಾ ದಾಟದಂತೆ ನೋಡಿಕೊಂಡರೆ ಗೋಡೆಗೂ ಬೂಷ್ಟು ಹಿಡಿಯುವುದಿಲ್ಲ.

ಸೂಟ್‌ಕೇಸಿನಲ್ಲಿ ನುಸಿಗುಳಿಗೆ ಹಾಕಿ ತಂದಿದ್ದರೆ ಬಟ್ಟೆಗಿಂತ ಮೊದಲು ಆ ಗುಳಿಗೆಗಳನ್ನು ಹುಡುಕಿ ತೆಗೆಯಿರಿ. ಅವುಗಳಲ್ಲಿರುವ ನ್ಯಾಫ್ತಲೀನ್ ಆವಿಯಾಗಿ ಬಟ್ಟೆಗೆ ಇಳಿದಿರುತ್ತದೆ, ಅದು ಗಾಳಿಗೇ ಹೋಗಬೇಕು. ಒಗೆಯುವ ಮೊದಲು ಒಂದೆರಡು ದಿನ ಗಾಳಿಯಾಡುವ ಜಾಗದಲ್ಲಿ ಹರವಿಡಿ. ಕೂಸಿನ ಬಟ್ಟೆ, ಕಂಬಳಿಯನ್ನು ಆ ವಾಸನೆ ಇರುವಾಗ ಬಳಸಲೇಬೇಡಿ. ಜಿ6ಪಿಡಿ (ರಕ್ತದ ಕೆಂಪು ಕಣಗಳನ್ನು ಕಾಪಾಡುವ ಒಂದು ಎಂಜೈಮ್) ಹುಟ್ಟಿನಿಂದಲೇ ಕೊರತೆ ಇರುವ ಮಕ್ಕಳಲ್ಲಿ ನ್ಯಾಫ್ತಲೀನ್‌ನಿಂದ ಆ ಕಣಗಳು ಒಡೆಯಬಹುದು, ಎಷ್ಟೋ ಮನೆಯವರಿಗೆ ಮಗುವಿಗೆ ಆ ಕೊರತೆ ಇದೆ ಎಂದೇ ಗೊತ್ತಿರುವುದಿಲ್ಲ.

ಅಡುಗೆಯ ವಾಸನೆ ಹಿಡಿಯುವುದು ಸಾಮಾನ್ಯವಾಗಿ ದಿನಾ ಒಗೆಯದ ಬಟ್ಟೆಗೆ, ಅಂದರೆ ಕೋಟು, ಸ್ವೆಟರ್, ಪರದೆಗೆ. ಕಾದ ಎಣ್ಣೆಯಿಂದ ಏಳುವ ಸಣ್ಣ ಹನಿಗಳು ಗಾಳಿಯಲ್ಲಿ ತೇಲಿ ಹೋಗಿ ಅಲ್ಲಿ ಕೂರುತ್ತವೆ. ಒಲೆ ಹಚ್ಚುವ ಮೊದಲೇ ಎಕ್ಸಾಸ್ಟ್ ಹಾಕಿ, ಅಡುಗೆ ಮುಗಿದ ಮೇಲೂ ಹತ್ತು ನಿಮಿಷ ಓಡಲಿ. ಕೋಟುಗಳನ್ನು ಅಡುಗೆಮನೆಯಿಂದ ದೂರ, ಬಾಗಿಲಿರುವ ಬೀರುವಿನಲ್ಲಿ ಇಡಿ. ಶಾಲೆಗೆ ಹೋಗುವ ಮಕ್ಕಳಿಗೆ ಇದರಿಂದ ನೋವಾಗಿದ್ದನ್ನು ನಾವು ಕೇಳಿದ್ದೇವೆ, ಅದಕ್ಕೇ ಒತ್ತಿ ಹೇಳುತ್ತಿದ್ದೇವೆ.

ಮಕ್ಕಳು ಹಾಸಿಗೆಯಲ್ಲಿ ಉಚ್ಚೆ ಮಾಡಿದರೆ ಬಿಸಿನೀರು, ಸ್ಟೀಮ್ ಬೇಡ. ಒಣ ಬಟ್ಟೆ ಇಟ್ಟು ಮೇಲೆ ಭಾರ ಹಾಕಿ ಒತ್ತಿ ಹೀರಿಸಿ, ಉಜ್ಜಬೇಡಿ. ಆಮೇಲೆ ಎಂಜೈಮ್ ಇರುವ ಕ್ಲೀನರ್ ಸಿಂಪಡಿಸಿ, ಒದ್ದೆ ಎಷ್ಟು ಆಳ ಇಳಿದಿದೆಯೋ ಅಷ್ಟೇ ಆಳ ಅದೂ ಇಳಿಯಬೇಕು. ಬಾಟಲಿಯ ಮೇಲೆ ಬರೆದಷ್ಟು ಹೊತ್ತು ಬಿಡಿ, ಎಂಜೈಮ್‌ಗೆ ಸಮಯ ಬೇಕು. ಒಣಗಿದ ಮೇಲೆ ಅಡುಗೆ ಸೋಡಾ ಚಿಮುಕಿಸಿ, ರಾತ್ರಿಯಿಡೀ ಬಿಟ್ಟು, ಬೆಳಿಗ್ಗೆ ವ್ಯಾಕ್ಯೂಮ್ ಮಾಡಿ. ಹಾಸಿಗೆಯನ್ನು ಗೋಡೆಗೆ ಒರಗಿಸಿ ನಿಲ್ಲಿಸಿ ಎರಡೂ ಮೈಗೆ ಗಾಳಿಯಾಡಲಿ, ಕೈ ಒತ್ತಿ ನೋಡಿದಾಗ ಒಳಗಿನ ತಂಪು ಪೂರ್ತಿ ಹೋದ ಮೇಲಷ್ಟೇ ಬೆಡ್‌ಶೀಟ್ ಹಾಸಿ.