ಜಗ್ಗಿನ ಸುತ್ತ ಒಂದು ಸುತ್ತು: ನನ್ನ ಕ್ಯೂಬಿಸಂ ಕೊಲಾಜ್

ಕೊಲಾಜ್ ಅಂದರೆ ಕಾಗದದ ಚೂರುಗಳನ್ನು ಅಂಟಿಸಿ ಮಾಡುವ ಚಿತ್ರ. ಮೊದಲ ಸಲ ನಾನು ಒಂದು ಜಗ್ಗಿನ ಚಿತ್ರ ಬರೆದು, ಚೂರು ಚೂರಾಗಿ ಕತ್ತರಿಸಿ, ಅಲ್ಲಿ ಇಲ್ಲಿ ಸರಿಸಿ ಅಂಟಿಸಿದೆ. ನೋಡಿದರೆ ಒಡೆದ ಜಗ್ಗು, ಅಷ್ಟೇ. ಬೇರೆ ಬೇರೆ ಕಡೆಯಿಂದ ನೋಡಿದ್ದನ್ನು ಒಂದೇ ಹಾಳೆಗೆ ತರುವ ಚಿತ್ರಶೈಲಿ ಕ್ಯೂಬಿಸಂ. ನಾನೋ ಒಂದೇ ಕಡೆಯಿಂದ ನೋಡಿ ಕತ್ತರಿ ಹಿಡಿದಿದ್ದೆ.

ಎರಡನೇ ಸಲ ಜಗ್ಗು, ಲೋಟ, ಮಡಚಿದ ಪತ್ರಿಕೆಯನ್ನು ಮೇಜಿನ ಮೇಲಿಟ್ಟು ಸುತ್ತ ಓಡಾಡಿದೆ. ನಿಂತು, ಕೂತು, ಪಕ್ಕಕ್ಕೆ ಸರಿದು ಆರು ಸ್ಕೆಚ್ ಮಾಡಿಕೊಂಡೆ. ನಿಂತು ನೋಡಿದರೆ ಜಗ್ಗಿನ ಬಾಯಿ ದುಂಡಗಿರುತ್ತದೆ. ಕಣ್ಣಿನ ಮಟ್ಟಕ್ಕೆ ಬಗ್ಗಿದರೆ ಅದೇ ಬಾಯಿ ಬರೀ ಒಂದು ಗೆರೆ. ಹಿಡಿಯ ಆಕಾರ ಸರಿಯಾಗಿ ಸಿಗುವುದು ಪಕ್ಕದಿಂದಲೇ. ಮೂರನ್ನೂ ಒಂದೇ ಜಗ್ಗಿಗೆ ಕೂಡಿಸಿದೆ.

ಆದರೂ ಏನೋ ಬಿಗಿ ಬಿಗಿ ಅನ್ನಿಸುತ್ತಿತ್ತು. ಕಾರಣ ಗೊತ್ತಾಗಿದ್ದು ಕ್ಯೂಬಿಸಂ ಶುರುಮಾಡಿದವರಲ್ಲಿ ಒಬ್ಬರಾದ ಫ್ರೆಂಚ್ ಕಲಾವಿದ ಜಾರ್ಜ್ ಬ್ರಾಕ್ 1912ರಲ್ಲಿ ಮಾಡಿದ ಹಣ್ಣಿನ ತಟ್ಟೆ ಮತ್ತು ಲೋಟದ ಚಿತ್ರವನ್ನು ಗಮನವಿಟ್ಟು ನೋಡಿದ ಮೇಲೆ. ಮರದ ಗೆರೆಗಳನ್ನು ಮುದ್ರಿಸಿದ ಗೋಡೆ ಕಾಗದವನ್ನು ಅವರು ಅಂಟಿಸಿದ್ದಾರೆ. ಮೇಲೆ ಇದ್ದಿಲಿನ ಗೆರೆ. ಆ ಗೆರೆ ಕಾಗದದ ಅಂಚಿಗೆ ನಿಲ್ಲುವುದಿಲ್ಲ, ದಾಟಿಕೊಂಡು ಹೋಗುತ್ತದೆ. ಬಣ್ಣದ ದಾರಿ ಬೇರೆ, ಗೆರೆಯ ದಾರಿ ಬೇರೆ. ನಾನು ಮಾತ್ರ ಜಗ್ಗಿನ ಆಕಾರಕ್ಕೇ ನೀಲಿ ಕಾಗದ ಕತ್ತರಿಸಿಕೊಂಡು ಕೂತಿದ್ದೆ! ಅದನ್ನು ಎಸೆದು, ಚೌಕಾಕಾರದ ಒಂದು ನೀಲಿ ತುಂಡನ್ನು ಎರಡು ಬೆರಳು ಎಡಕ್ಕೆ ಇಟ್ಟೆ. ಜಗ್ಗಿನ ಗೆರೆಯನ್ನು ಅದರ ಮೇಲೆ ಅರ್ಧ, ಹೊರಗೆ ಅರ್ಧ ಬರುವ ಹಾಗೆ ಎಳೆದೆ. ಜಗ್ಗು ಉಸಿರಾಡಿತು.

ಇನ್ನು ಸಾಮಾನಿನ ವಿಷಯ. ಪತ್ರಿಕೆಯ ಕಾಗದದಲ್ಲಿ ಲಿಗ್ನಿನ್ ಅನ್ನುವ ಮರದ ಅಂಶ ಉಳಿದಿರುತ್ತದೆ, ಬೆಳಕಿಗೆ ಹಳದಿಯಾಗುತ್ತದೆ. ಅದಕ್ಕೆ ನಾನು ಪತ್ರಿಕೆಯ ಪುಟವನ್ನು ಆಮ್ಲರಹಿತ ಕಾಗದದ ಮೇಲೆ ಲೇಸರ್ ಪ್ರಿಂಟ್ ತೆಗೆದುಕೊಳ್ಳುತ್ತೇನೆ. ಇಂಕ್‌ಜೆಟ್ ಬೇಡ, ಅಂಟು ತಾಗಿದರೆ ಶಾಯಿ ಕದಡುವುದೇ ಜಾಸ್ತಿ. ಅಂಟಿಗೆ ಅಕ್ರಿಲಿಕ್ ಮ್ಯಾಟ್ ಮೀಡಿಯಂ, ಅಂದರೆ ಒಣಗಿದ ಮೇಲೆ ಹೊಳೆಯದ ಅಕ್ರಿಲಿಕ್ ದ್ರವ. ತೆಳ್ಳಗೆ ಹಚ್ಚಿ, ಕಾಗದ ಇಟ್ಟು, ನಡುವಿನಿಂದ ಹೊರಕ್ಕೆ ರೋಲರ್ ಆಡಿಸಿದರೆ ಗುಳ್ಳೆ ಏಳುವುದಿಲ್ಲ. ಹೊಳಪಿನ ಮೀಡಿಯಂ ಹಚ್ಚಿದರೆ ಇದ್ದಿಲು ಜಾರುತ್ತದೆ. ಮ್ಯಾಟ್ ಮೇಲೆ ಚೆನ್ನಾಗಿ ಕಚ್ಚಿಕೊಳ್ಳುತ್ತದೆ, ಆಮೇಲೆ ಇದ್ದಿಲು ಉದುರದ ಹಾಗೆ ಹಿಡಿದಿಡುವ ಫಿಕ್ಸೆಟಿವ್ ಸಿಂಪಡಿಸಬೇಕು.

ಮೇಜಿನ ಭಾಗಕ್ಕೆ ಬಣ್ಣದಲ್ಲಿ ನಯವಾದ ಮರಳು ಕಲಸಿದೆ. ಬ್ರಾಕ್ ಕೂಡ ಹೀಗೆ ಮಾಡುತ್ತಿದ್ದರು. ಕೈಯಾಡಿಸಿದರೆ ಬೆರಳಿಗೆ ತರಿತರಿ ಹತ್ತುತ್ತದೆ, ಪಕ್ಕದ ಕಾಗದ ಇನ್ನೂ ನುಣುಪು ಅನ್ನಿಸುತ್ತದೆ.

ಒಂದು ಎಡವಟ್ಟೂ ಆಯಿತು. ಬೆಳಗ್ಗೆ ಎದ್ದು ನೋಡಿದರೆ ಇದನ್ನೆಲ್ಲ ಅಂಟಿಸಿದ್ದ ರಟ್ಟು ಬಿಲ್ಲಿನ ಹಾಗೆ ಬಾಗಿತ್ತು. ಒಂದೇ ಕಡೆ ಕಾಗದ ಒಣಗಿ ಎಳೆದರೆ ಹೀಗಾಗುತ್ತದೆ. ಹಿಂಭಾಗಕ್ಕೂ ಅಷ್ಟೇ ದಪ್ಪದ ಕಾಗದ ಅಂಟಿಸಿ, ಭಾರ ಹೇರಿ ಎರಡು ದಿನ ಬಿಟ್ಟೆ. ಸುಮಾರಾಗಿ ನೆಟ್ಟಗಾಯಿತು. ಒಂದು ಮೂಲೆ ಇನ್ನೂ ಸ್ವಲ್ಪ ಎದ್ದಿದೆ, ಅದನ್ನು ಹಾಗೇ ಚೌಕಟ್ಟಿಗೆ ಕೂರಿಸಿದ್ದೇನೆ.